ಅಪ್‌ಡೇಟ್: ಸಿಂಕಿಂಗ್ ಫಂಡ್‌ನಿಂದ ಗಣೇಶೋತ್ಸವದ ಖರ್ಚು

ಮುಂಬೈಯ ಗೋರೆಗಾಂವ್‌ನ ನಮ್ಮ ಹೌಸಿಂಗ್ ಸೊಸೈಟಿ ಗಣಪತಿ ಮಂಟಪಕ್ಕೂ ಲಾಬಿಯ ಬಣ್ಣಕ್ಕೂ ಸಿಂಕಿಂಗ್ ಫಂಡ್ (ಕಟ್ಟಡದ ಮುಂದಿನ ದೊಡ್ಡ ಕೆಲಸಕ್ಕೆ ಕೂಡಿಡುವ ಹಣ) ಮುಟ್ಟಬಹುದೇ ಎಂದು ಇಲ್ಲಿ ಕೇಳಿದ್ದೆ. ನೀವೆಲ್ಲ ಹೇಳಿದ ಹಾಗೆ ಮಹಾರಾಷ್ಟ್ರದ ಮಾದರಿ ಬೈಲಾ (ಹೌಸಿಂಗ್ ಸೊಸೈಟಿಗಳ ಮಾದರಿ ನಿಯಮಾವಳಿ) ತೆರೆದು ನೋಡಿದೆ. ಎರಡಕ್ಕೂ ಆಗುವುದಿಲ್ಲ.

ಸಿಂಕಿಂಗ್ ಫಂಡ್‌ಗೆ ವರ್ಷಕ್ಕೆ ಫ್ಲ್ಯಾಟ್‌ನ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.25 (ಜಾಗದ ಬೆಲೆ ಬಿಟ್ಟು). ಅದು ಕಟ್ಟಡದ ಮರುನಿರ್ಮಾಣ, ರಚನೆಯ ಬದಲಾವಣೆ, ಭಾರೀ ರಿಪೇರಿಗೆ ಮಾತ್ರ. ಅದಕ್ಕೂ ಸರ್ವಸಾಧಾರಣ ಸಭೆಯ ಠರಾವು, ಆರ್ಕಿಟೆಕ್ಟ್ ಪ್ರಮಾಣಪತ್ರ ಬೇಕು. ಬಣ್ಣ, ಪಂಪ್, ಟ್ಯಾಂಕ್, ಡ್ರೈನೇಜ್ ಎಲ್ಲ ರಿಪೇರಿ ನಿಧಿಯಿಂದ. ಅದಕ್ಕೆ ವರ್ಷಕ್ಕೆ ಅದೇ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.75. ಟೆರೇಸ್ ಸೋರಿ ಮೇಲಿನ ಮಹಡಿಯ ಸೀಲಿಂಗ್ ಕೆಟ್ಟರೆ ಅದೂ ಸೊಸೈಟಿಯದೇ ಖರ್ಚು. ಮುಂಬೈ ಮಳೆಗೆ ಜಗಳ ಶುರುವಾಗುವುದೇ ಇಲ್ಲಿಂದ. ಪಕ್ಕದ ಬಾತ್‌ರೂಮಿನಿಂದ ಸೋರಿದರೆ ಮಾತ್ರ ಆಯಾ ಸದಸ್ಯರೇ ನೋಡಿಕೊಳ್ಳಬೇಕು.

ವಾಚ್‌ಮನ್ ಸಂಬಳ, ಆಡಿಟ್ ಫೀ, ವಕೀಲರ ಶುಲ್ಕ, ಸಭೆಯ ಖರ್ಚು ಸರ್ವಿಸ್ ಚಾರ್ಜ್‌ನಲ್ಲಿ ಬರುತ್ತವೆ. ಫ್ಲ್ಯಾಟ್ ದೊಡ್ಡದಿರಲಿ ಚಿಕ್ಕದಿರಲಿ, ಸಮಪಾಲು. ಲಿಫ್ಟ್ ಖರ್ಚೂ ಹಾಗೆಯೇ, ನೆಲಮಹಡಿಯವರೂ ಕೊಡಬೇಕು. ನೀರಿನದ್ದು ಮಾತ್ರ ಫ್ಲ್ಯಾಟ್‌ನ ನೀರಿನ ಇನ್‌ಲೆಟ್‌ಗಳ (ನೀರು ಒಳಬರುವ ಪೈಪ್‌ಗಳ) ಲೆಕ್ಕದಲ್ಲಿ.

ಈ ಪಟ್ಟಿಯಲ್ಲಿ ಹಬ್ಬ ಇಲ್ಲ. ಮಂಟಪಕ್ಕೆ ಈಗ ಬೇರೆ ರಸೀದಿ ಪುಸ್ತಕ, ಇಷ್ಟವಿದ್ದವರು ಕೊಡುವ ವಂತಿಗೆ. ಸೆಕ್ರೆಟರಿಯವರು ಗೊಣಗಿದರೂ ಒಪ್ಪಿದ್ದಾರೆ. ಹಿಂದಿನ ಠರಾವು, ಆಡಿಟ್ ಆದ ಲೆಕ್ಕಪತ್ರ ನೋಡಲು ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿ ಅರ್ಜಿ ಕೊಟ್ಟಿದ್ದೇನೆ.