ಕೈಗೆಟುಕುವ ಹಾಟ್ ಹ್ಯಾಚ್ (ಹೆಚ್ಚು ಶಕ್ತಿಯ ಎಂಜಿನ್ನಿನ ಚಿಕ್ಕ ಕಾರು) ಕೊಂಡರೆ ಉಳಿದ ಚಾಲಕರು ನಮ್ಮನ್ನು ಹೇಗೆ ಕಾಣುತ್ತಾರೆ? ಓಡಿಸಿದವರು, ಎದುರಿಗೆ ಬಂದವರು ಅನುಭವ ತಿಳಿಸಿ

ಪ್ರಶ್ನೆ: ಹಾಸನದವರು, ಸದ್ಯ ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಾನು ವಾರದ ಕೊನೆಗೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ಮಾರ್ಗವಾಗಿ ಹಾಸನಕ್ಕೆ ಹೋಗಿಬರುತ್ತೇನೆ. ಹಳೆಯ ಕಾರನ್ನು ಮಾರಿ, ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಅಥವಾ ಹ್ಯುಂಡೈ ಐ20 ಎನ್ ಲೈನ್ ತೆಗೆದುಕೊಳ್ಳುವ ಯೋಚನೆಯಿದೆ. ನಮ್ಮ ತಂದೆಯವರು ಮಾತ್ರ "ಅದು ಪುಂಡ ಹುಡುಗರ ಕಾರು, ಸುಮ್ಮನೆ ಜಗಳವನ್ನು ಮೈಮೇಲೆ ಎಳೆದುಕೊಳ್ಳುತ್ತೀಯ" ಎನ್ನುತ್ತಿದ್ದಾರೆ. ನನಗೆ ರೇಸಿನ ಆಸೆಯಿಲ್ಲ; ಲಾರಿಗಳನ್ನು ದಾಟುವಾಗ ಎಂಜಿನ್ ಕೈಕೊಡಬಾರದು, ಅಷ್ಟೇ. ಇಂಥ ಕಾರು ಓಡಿಸುವವರನ್ನು ಬೇರೆಯವರು ನಿಜಕ್ಕೂ ಹೇಗೆ ಕಾಣುತ್ತಾರೆ? ಪೊಲೀಸರು ಹೆಚ್ಚಾಗಿ ತಡೆಯುತ್ತಾರೆಯೇ? ದಯವಿಟ್ಟು ತಿಳಿಸಿ.

ಉತ್ತರ: ಮೈಸೂರಿನಿಂದ, ಪೋಲೊ ಜಿಟಿ ಟಿಎಸ್‌ಐ ಮಾಲೀಕರು

ತಂದೆಯವರ ಮಾತನ್ನು ತಳ್ಳಿಹಾಕಬೇಡಿ, ಅದಕ್ಕೆ ಆಧಾರವಿದೆ. ನಮ್ಮಲ್ಲಿ ಚಿಕ್ಕ ಕಾರಿಗೆ ದೊಡ್ಡ ಶಕ್ತಿ ಎಂಬ ರುಚಿಯನ್ನು ಹತ್ತಿಸಿದ್ದು 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್, ನೂರು ಅಶ್ವಶಕ್ತಿಯ ಆ ಕಾರು ಪೆಟ್ರೋಲ್ ಕುಡಿಯುತ್ತದೆ ಎಂಬ ಕಾರಣಕ್ಕೆ ಕೆಲವೇ ಮನೆಗಳನ್ನು ಸೇರಿತು. ಕೆಟ್ಟ ಹೆಸರು ಅಂಟಿದ್ದು ಅದಕ್ಕಿಂತ ಹೆಚ್ಚಾಗಿ 2005ರ ಸ್ವಿಫ್ಟ್‌ಗೆ. ಸ್ವಿಫ್ಟ್ ಅಂಥ ಶಕ್ತಿವಂತ ಕಾರೇನೂ ಆಗಿರಲಿಲ್ಲ, ಆದರೆ ಅಗ್ಗವಾಗಿತ್ತು, ಬಿಡಿಭಾಗಗಳು ಎಲ್ಲ ಊರಲ್ಲೂ ಸಿಗುತ್ತಿದ್ದವು, ಕೆಳಕ್ಕಿಳಿಸಿದ ಸ್ಪ್ರಿಂಗ್, ಕಪ್ಪು ಗಾಜು ಮತ್ತು ಬದಲಿ ಸೈಲೆನ್ಸರ್ ಹಾಕಿಸುವುದು ಹುಡುಗರಿಗೆ ಸುಲಭವಾಗಿತ್ತು. ಪುಂಡರ ಕಾರು ಎಂದಾಗ ನಿಮ್ಮ ತಂದೆಯವರ ತಲೆಯಲ್ಲಿರುವುದು ಬಹುಶಃ ಆ ಕಾಲದ ಚಿತ್ರ.

ಆಮೇಲೆ ಬಂದ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಕಾರುಗಳ ಹಿನ್ನೆಲೆ ಬೇರೆ. 2006ರಿಂದ ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ತೆರಿಗೆ ಕಡಿಮೆಯಾಯಿತು. ಆ ಮಿತಿಯೊಳಗೇ ಶಕ್ತಿ ಹೆಚ್ಚಿಸಬೇಕಾದರೆ ಟರ್ಬೊ ಅಲ್ಲದೆ ಬೇರೆ ದಾರಿಯಿರಲಿಲ್ಲ. 2013ರಲ್ಲಿ 105 ಅಶ್ವಶಕ್ತಿಯ 1.2 ಲೀಟರ್ ಪೋಲೊ ಜಿಟಿ ಟಿಎಸ್‌ಐ ಬಂತು, 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಟಾಟಾ ಸಂಸ್ಥೆ ಕೊಯಮತ್ತೂರಿನ ಜಯೇಮ್ ಜೊತೆ ಸೇರಿ ತಯಾರಿಸಿದ ಟಿಯಾಗೊ ಜೆಟಿಪಿ, 2021ರಲ್ಲಿ 120 ಅಶ್ವಶಕ್ತಿಯ ಐ20 ಎನ್ ಲೈನ್, 2024ರಲ್ಲಿ ಅಷ್ಟೇ ಶಕ್ತಿಯ ಆಲ್ಟ್ರೋಜ್ ರೇಸರ್. ಹೊಸದಾಗಿ ಕೊಂಡವರು ಬಹುಪಾಲು ನಿಮ್ಮಂಥ ಸಂಬಳದಾರರು; ನಾಲ್ಕೈದು ವರ್ಷದ ಮೇಲೆ ಬೆಲೆ ಇಳಿದಾಗ ಅವೇ ಕಾರುಗಳು ಎರಡನೆಯ, ಮೂರನೆಯ ಕೈಗೆ ಹೋಗುತ್ತವೆ. ಹೆಸರು ಕೆಡುವುದು ಸಾಮಾನ್ಯವಾಗಿ ಆ ಹಂತದಲ್ಲಿ.

ಇನ್ನು ರಸ್ತೆಯಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ನೂರರಲ್ಲಿ ತೊಂಬತ್ತು ಜನಕ್ಕೆ ಜಿಟಿ ಟಿಎಸ್‌ಐಗೂ ಸಾಧಾರಣ ಪೋಲೊಗೂ ವ್ಯತ್ಯಾಸವೇ ತಿಳಿಯದು. ತಿಳಿದವರು ಎರಡು ಬಗೆ: ಕಾರಿನ ಹುಚ್ಚಿರುವವರು ಮತ್ತು ಈಗಷ್ಟೇ ನಿಮ್ಮಿಂದ ಹಿಂದೆ ಬಿದ್ದವರು. ಮೊದಲನೆಯವರಿಂದ ಸಿಗುವುದು ಮೆಚ್ಚುಗೆ. ಪೆಟ್ರೋಲ್ ಬಂಕಿನಲ್ಲಿ ಬಂದು ಮೈಲೇಜ್ ಕೇಳುತ್ತಾರೆ, ಬಾನೆಟ್ ತೆಗೆಸಿ ನೋಡುತ್ತಾರೆ. ತೊಂದರೆ ಇರುವುದು ಎರಡನೆಯವರಿಂದ. ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ನೂರರ ಮಿತಿಯಿದೆ. ಆ ವೇಗದಲ್ಲಿ ಹೋಗುತ್ತಿರುವಾಗ ಒಂದು ದೊಡ್ಡ ಬಿಳಿ ಎಸ್‌ಯುವಿ ಹಿಂದಿನಿಂದ ಬಂದು ಹತ್ತು ಮೀಟರ್ ಅಂತರದಲ್ಲಿ ನಿಲ್ಲುತ್ತದೆ, ದೀಪ ಮಿನುಗಿಸುತ್ತದೆ, ಪಕ್ಕಕ್ಕೆ ಬಂದು ಸರಿಸಮನಾಗಿ ಸ್ವಲ್ಪ ದೂರ ಓಡುತ್ತದೆ, ಒಳಗಿನವರು ತಿರುಗಿ ನೋಡುತ್ತಾರೆ, ಮತ್ತೆ ಹಿಂದೆ ಸರಿದು ಇನ್ನೊಮ್ಮೆ ಮೇಲೆ ಬೀಳುತ್ತದೆ. ನೂರು ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಹತ್ತು ಮೀಟರ್ ಹಿಂದಿರುವವನಿಗೆ ನಾನು ಬ್ರೇಕ್ ಒತ್ತಿದರೆ ಕಾಲೆತ್ತುವಷ್ಟೂ ಸಮಯ ಉಳಿದಿರುವುದಿಲ್ಲ. ಆದ್ದರಿಂದ ನಾನು ವೇಗವನ್ನು ಹೆಚ್ಚಿಸುವುದಿಲ್ಲ, ಇಳಿಸುವುದಿಲ್ಲ, ಅವರ ಮುಖ ನೋಡುವುದಿಲ್ಲ. ಎಡಗಡೆಯ ಸಾಲು ಖಾಲಿಯಿದ್ದ ಕೂಡಲೇ ಇಂಡಿಕೇಟರ್ ಹಾಕಿ ಸರಿದು ದಾರಿ ಬಿಡುತ್ತೇನೆ. ಉತ್ತರ ಸಿಗದ ಸವಾಲು ಎರಡು ನಿಮಿಷಕ್ಕಿಂತ ಹೆಚ್ಚು ಉಳಿಯುವುದನ್ನು ನಾನು ಕಂಡಿಲ್ಲ.

ಶಕ್ತಿಯ ಲೆಕ್ಕದಲ್ಲೂ ಈ ಪೈಪೋಟಿಗೆ ಅರ್ಥವಿಲ್ಲ. ಮಹೀಂದ್ರಾ ಎಕ್ಸ್‌ಯುವಿ700ರಂಥ ದೊಡ್ಡ ಎಸ್‌ಯುವಿಯ ಪೆಟ್ರೋಲ್ ಎಂಜಿನ್ನಿಗೆ 200 ಅಶ್ವಶಕ್ತಿಯಿದೆ. ನಮ್ಮ ಕಾರಿನ ನಿಜವಾದ ಗುಣ ಇರುವುದು ನಡು ವೇಗದಲ್ಲಿ, ಅಂದರೆ ಐವತ್ತರಿಂದ ತೊಂಬತ್ತಕ್ಕೆ ಏರುವ ಚುರುಕಿನಲ್ಲಿ. ಲಾರಿ ದಾಟಲು ನಿಮಗೆ ಬೇಕಾದದ್ದೂ ಅದೇ.

ಉತ್ತರ: ನಿವೃತ್ತ ಬಸ್ ಚಾಲಕರು, ಸಕಲೇಶಪುರ

ನನ್ನ ಸೇವೆಯ ಹೆಚ್ಚಿನ ಕಾಲ ಬೆಂಗಳೂರು–ಧರ್ಮಸ್ಥಳ ಮಾರ್ಗದಲ್ಲೇ ಕಳೆಯಿತು. ತಾವು ಓಡಾಡುವ ರಸ್ತೆ ನನಗೆ ಚೆನ್ನಾಗಿ ಗೊತ್ತು. ಬಸ್ ಚಾಲಕನಿಗೆ ಕಾರಿನ ಹೆಸರಾಗಲಿ ಬಿಲ್ಲೆಯಾಗಲಿ ಕಾಣುವುದಿಲ್ಲ. ರಾತ್ರಿ ಬಲಗನ್ನಡಿಯಲ್ಲಿ ಕಾಣುವುದು ಎರಡು ದೀಪ, ಅವುಗಳ ಎತ್ತರ ಮತ್ತು ನಡುವಿನ ಅಂತರ. ತಗ್ಗಿನಲ್ಲಿ ಹತ್ತಿರ ಹತ್ತಿರ ಇದ್ದರೆ ಅದು ಚಿಕ್ಕ ಕಾರು. ಚಿಕ್ಕ ಕಾರೆಂದರೆ ಏರಿನಲ್ಲಿ ಏದುಸಿರು ಬಿಡುವ ಗಾಡಿ ಎಂಬುದು ನಮ್ಮ ಹಳೆಯ ಲೆಕ್ಕ. ಆ ಲೆಕ್ಕವನ್ನು ನಂಬಿ ಮುಂದಿನ ಲಾರಿಯನ್ನು ದಾಟಲು ಬಲಕ್ಕೆ ತಿರುಗಿಸಿದರೆ, ಅಷ್ಟು ದೂರವಿದ್ದ ದೀಪ ಆಗಲೇ ನಮ್ಮ ಹಿಂದಿನ ಚಕ್ರದ ಪಕ್ಕದಲ್ಲಿರುತ್ತದೆ. ಚಿಕ್ಕದಾಗಿ ಕಾಣುವ ವಸ್ತು ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ಕಣ್ಣು ಮೋಸಹೋಗುತ್ತದೆ; ಬೈಕಿನ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಇಂಥ ಕಾರುಗಳನ್ನು ನಮ್ಮ ಜೊತೆಯ ಚಾಲಕರು ಬೈಯುತ್ತಿದ್ದದ್ದು ವೇಗಕ್ಕಿಂತ ಹೆಚ್ಚಾಗಿ ಈ ಅಂದಾಜು ತಪ್ಪುವ ಕಾರಣದಿಂದ.

ಆದ್ದರಿಂದ ದಾಟುವ ಮುನ್ನ ಹಿಂದೆಯೇ ಸ್ವಲ್ಪ ಹೊತ್ತು ನಮ್ಮ ಕನ್ನಡಿಗೆ ಬೀಳುವಂತೆ ಇರಿ. ನಮ್ಮ ಕನ್ನಡಿಯಲ್ಲಿ ನಮ್ಮ ಮುಖ ನಿಮಗೆ ಕಂಡರೆ ನೀವೂ ನಮಗೆ ಕಂಡಿರುತ್ತೀರಿ. ಇಂಡಿಕೇಟರ್ ಹಾಕಿ, ಒಮ್ಮೆ ಡಿಪ್ಪರ್ ಹೊಡೆದು, ಆಮೇಲೆ ಬನ್ನಿ. ಕೆಲವು ಲಾರಿಯವರು ಎಡ ಇಂಡಿಕೇಟರ್ ಹಾಕಿ "ಹೋಗಿ" ಎಂದು ಸೂಚಿಸುವುದುಂಟು, ಬಲ ಇಂಡಿಕೇಟರ್ ಹಾಕಿ "ಎದುರಿಗೆ ಗಾಡಿ ಇದೆ" ಎನ್ನುವುದುಂಟು. ಅದೇ ಇಂಡಿಕೇಟರ್ ಅವರು ತಿರುಗುವುದಕ್ಕೂ ಇರಬಹುದು, ಅದನ್ನೇ ನಂಬಿ ನುಗ್ಗಬೇಡಿ. ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಏರಿ ಬರುವ ವಾಹನಕ್ಕೆ ದಾರಿ ಕೊಡುವುದು ನಿಯಮ. ಅಷ್ಟು ಮಾಡುವ ಚಿಕ್ಕ ಕಾರಿನವರಿಗೆ ನಾವೇ ಕೈಬೀಸಿ ದಾರಿ ಬಿಟ್ಟಿದ್ದೇವೆ.

ಉತ್ತರ: ದಾವಣಗೆರೆಯಿಂದ, ಐ20 ಎನ್ ಲೈನ್ ಓಡಿಸುವವರು

ಮೇಲಿನ ಇಬ್ಬರು ಹಿರಿಯರ ಮಾತಿಗೆ ಒಂದನ್ನು ಸೇರಿಸಬೇಕು. ಓಡಿಸುತ್ತಿರುವುದು ಹೆಂಗಸು ಎಂದು ತಿಳಿದಾಗ ಸವಾಲು ಹೆಚ್ಚುತ್ತದೆ. ದಾಟುವಾಗ ಸುಮ್ಮನಿದ್ದವರು, ನನ್ನ ಮುಖ ಕಂಡ ಮೇಲೆ ಅಟ್ಟಿಸಿಕೊಂಡು ಬಂದು ಮುಂದೆ ಹೋಗಿ ವೇಗ ಇಳಿಸಿದ್ದಾರೆ. ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಇಂಥದ್ದು ನಡೆದಾಗ ನಾನು ಜನರಿರುವ ಪೆಟ್ರೋಲ್ ಬಂಕಿಗೋ ಟೋಲ್ ಕಟ್ಟೆಯ ಪಕ್ಕಕ್ಕೋ ಹೋಗಿ ನಿಲ್ಲಿಸಿಬಿಡುತ್ತೇನೆ; ಡ್ಯಾಶ್‌ಕ್ಯಾಮ್ ಸದಾ ಚಾಲನೆಯಲ್ಲಿರುತ್ತದೆ. ಇದು ಕಾರಿನ ದೋಷವಲ್ಲ ಎಂದು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಹಿಂದಿನ ಸಾಧಾರಣ ಕಾರಿನಲ್ಲೂ ಇದನ್ನು ಕಂಡಿದ್ದೇನೆ. ಈ ಕಾರಿನಲ್ಲಿ ಹೆಚ್ಚಿಗೆ ಸಿಕ್ಕಿರುವುದು, ಅಂಥವರಿಂದ ಸುರಕ್ಷಿತವಾಗಿ ದೂರ ಸರಿಯುವ ಸಾಮರ್ಥ್ಯ. ಬಣ್ಣದ ವಿಷಯಕ್ಕೆ ಬಂದರೆ, ಕೆಂಪು ಗೆರೆ, ಕಪ್ಪು ಛಾವಣಿಯ ಜೋಡಿ ಹೆಚ್ಚು ಕಣ್ಣಿಗೆ ಬೀಳುತ್ತದೆ. ತಂದೆಯವರ ಸಮಾಧಾನಕ್ಕಾಗಿಯಾದರೂ ಒಂದೇ ಬಣ್ಣದ್ದನ್ನು ನೋಡಿ.

ಉತ್ತರ: ಬೆಂಗಳೂರು, ಗ್ಯಾರೇಜ್ ನಡೆಸುವವರು

ಶಕ್ತಿಗಿಂತ ಸದ್ದು ಹೆಚ್ಚು ಶತ್ರುಗಳನ್ನು ತರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಿಂದ ಪಟಾಕಿಯಂತೆ ಸಿಡಿಯುವ ಸದ್ದನ್ನು ನೀವು ಕೇಳಿರುತ್ತೀರಿ. ಎಂಜಿನ್ ಕಂಪ್ಯೂಟರಿನ ತಂತ್ರಾಂಶವನ್ನು ಬದಲಾಯಿಸಿ, ಕಿಡಿಯನ್ನು ತಡವಾಗಿಸಿ, ಬೇಡದ ಹೊತ್ತಿನಲ್ಲಿ ಇಂಧನ ಬಿಟ್ಟು, ಅದು ನಳಿಕೆಯೊಳಗೆ ಉರಿಯುವಂತೆ ಮಾಡಿದಾಗ ಆ ಸದ್ದು ಬರುತ್ತದೆ. ಮಗುವನ್ನು ಕೂರಿಸಿಕೊಂಡು ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋಗುವವರು ಬೆಚ್ಚಿ ಹ್ಯಾಂಡಲ್ ಅಲುಗಿಸುವುದನ್ನು ನಮ್ಮ ಗ್ಯಾರೇಜಿನ ಮುಂದೆಯೇ ನೋಡಿದ್ದೇನೆ. ಅತಿಯಾದ ಶಾಖಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾಂಶ ಇಳಿಸುವ ಭಾಗ) ಹಾಳಾಗುತ್ತದೆ, ವಾರಂಟಿ ಹೋಗುತ್ತದೆ. ಇದನ್ನು ಮಾಡಿಕೊಡಿ ಎಂದು ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ. ಕಂಪನಿ ಕೊಟ್ಟ ಸೈಲೆನ್ಸರ್ ಹಾಗೆಯೇ ಇರಲಿ. ಐ20 ಎನ್ ಲೈನ್‌ಗೆ ಕಾರ್ಖಾನೆಯಲ್ಲೇ ಕೊಂಚ ಗಡಸು ದನಿ ಕೊಟ್ಟಿದ್ದಾರೆ, ಅದು ಯಾರನ್ನೂ ಕೆರಳಿಸುವುದಿಲ್ಲ.

ಉತ್ತರ: ಇಂಗ್ಲೆಂಡಿನ ಕೊವೆಂಟ್ರಿಯಲ್ಲಿರುವ ಕನ್ನಡಿಗರು

ಇಲ್ಲಿಯ ಅನುಭವವೂ ಉಪಯೋಗಕ್ಕೆ ಬರಬಹುದು. ಫೋರ್ಡ್ ಫಿಯೆಸ್ಟಾ ಎಸ್‌ಟಿ ಇಲ್ಲಿ ಈ ಬಗೆಯ ಹೆಸರು ಹೊತ್ತ ಕಾರು. ಇಲ್ಲಿ ಹೆಸರಿಗೆ ನೇರವಾಗಿ ಹಣದ ಬೆಲೆಯಿದೆ: ವಿಮೆಗಾಗಿ ಕಾರುಗಳನ್ನು 1ರಿಂದ 50ರವರೆಗಿನ ಗುಂಪುಗಳಾಗಿ ವಿಂಗಡಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ, ಹರೆಯದ ಚಾಲಕರು ಕಾರಿನಲ್ಲಿ ಚಾಲನೆಯನ್ನು ದಾಖಲಿಸುವ ಪೆಟ್ಟಿಗೆ ಇಟ್ಟುಕೊಂಡು ಕಂತು ಇಳಿಸಿಕೊಳ್ಳುತ್ತಾರೆ. ಸುತ್ತಲಿನವರಿಗೆ ಕಿರುಕುಳವಾಗುವಂತೆ ಅಜಾಗರೂಕತೆಯಿಂದ ಓಡಿಸುವವರ ಕಾರನ್ನೇ ವಶಪಡಿಸಿಕೊಳ್ಳುವ ಅಧಿಕಾರ 2002ರ ಕಾನೂನಿನಿಂದ ಪೊಲೀಸರಿಗಿದೆ. ನಮ್ಮ ದೇಶದಲ್ಲಿ ಥರ್ಡ್ ಪಾರ್ಟಿ ವಿಮೆಯ ಕಂತು ನಿಂತಿರುವುದು ಸಿಸಿ ಮೇಲೆ. 998 ಸಿಸಿಯ ಐ20 ಎನ್ ಲೈನ್ ಸಾವಿರದೊಳಗಿನ ಅಗ್ಗದ ವರ್ಗಕ್ಕೇ ಸೇರುತ್ತದೆ.

ಉತ್ತರ: ತುಮಕೂರಿನಿಂದ, ವಕೀಲರು

ಪೊಲೀಸರ ಬಗ್ಗೆ ಕೇಳಿದ್ದೀರಿ. ಕಾರಿನ ಹೆಸರು ನೋಡಿ ತಡೆಯುವುದನ್ನು ನಾನು ಕಂಡಿಲ್ಲ; ತಡೆಯಲು ಕಾರಣ ಕೊಡುವ ವಸ್ತುಗಳನ್ನು ನೋಡಿ ತಡೆಯುತ್ತಾರೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ಕರ್ನಾಟಕದಲ್ಲಿ 2024ರ ಆಗಸ್ಟಿನಿಂದ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮ ಬಂದಿದೆ, ಆ ಕ್ರಮಕ್ಕೆ ಪೋಲೊ, ಇನ್ನೋವಾ ಎಂಬ ಭೇದವಿಲ್ಲ. ವೇಗದ ಆಸೆ ಎಂದಾದರೂ ಹುಟ್ಟಿದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಅಲ್ಲಿ ಎದುರಿಗೆ ಯಾರೂ ಬರುವುದಿಲ್ಲ.

ಒಂದು ಮುಖ್ಯ ಸಂಗತಿ: ನೀವು ಕೊಳ್ಳುತ್ತಿರುವುದು ಬಳಸಿದ ಕಾರು, ಅದಕ್ಕೆ ಈಗಾಗಲೇ ಒಂದು ಹೆಸರಿರಬಹುದು. ಮುಂಗಡ ಕೊಡುವ ಮೊದಲು ಆ ನೋಂದಣಿ ಸಂಖ್ಯೆಯ ಮೇಲೆ ಬಾಕಿಯಿರುವ ದಂಡಗಳನ್ನು ಪರಿವಾಹನ್ ಜಾಲತಾಣದಲ್ಲೂ ರಾಜ್ಯ ಪೊಲೀಸರ ದಂಡ ಪಾವತಿ ವ್ಯವಸ್ಥೆಯಲ್ಲೂ ನೋಡಿ. ಅತಿವೇಗದ ನೋಟಿಸುಗಳು ಸಾಲುಗಟ್ಟಿದ್ದರೆ ಆ ಕಾರನ್ನು ಹೇಗೆ ಓಡಿಸಿದ್ದಾರೆ ಎಂಬುದು ತಿಳಿದಂತಾಯಿತು. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ನಂಬಿಕಸ್ಥ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸದೆ ಮುಂದುವರಿಯಬೇಡಿ. ಬಾಕಿ ದಂಡವನ್ನು ಮಾರುವವರೇ ಕಟ್ಟಿ, ರಸೀದಿ ಕೊಟ್ಟ ಮೇಲೆ ಆರ್‌ಸಿ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿ.