ಮಧ್ಯಾಹ್ನ ಆದ್ರೆ ಕೆಂಪುಕಣ ನಡುವಿಗೆ ಬರ್ತಿಲ್ಲ: ಶಬ್ದತರಂಗದಿಂದ ವೈರಸ್ ಬೇರ್ಪಡಿಕೆ

ಪ್ರಶ್ನೆ (ಕಲಬುರಗಿ): ರಕ್ತದಿಂದ ವೈರಸ್ ಬೇರೆ ಮಾಡ್ಬೇಕು: ಶಬ್ದ ಕೆಂಪುಕಣವನ್ನ ನಡುವಿಗೆ ತಳ್ಳಬೇಕು, ವೈರಸ್ ಪಕ್ಕದಲ್ಲೇ ಉಳೀಬೇಕು. ಸಿಲಿಕಾನ್-ಗಾಜಿನ ಚಿಪ್, ಕಾಲುವೆ ಅಗಲ 375 ಮೈಕ್ರಾನ್, ಕೆಳಗೆ 2 ಮೆಗಾಹರ್ಟ್ಸ್ ಪೀಜೋ (ವಿದ್ಯುತ್ ಕೊಟ್ರೆ ಕಂಪಿಸಿ ಶಬ್ದ ಹೊರಡಿಸೋ ತುಂಡು). ಕುರಿ ರಕ್ತವನ್ನು ಹತ್ತು ಪಟ್ಟು ತೆಳು ಮಾಡಿ, ಟಿ4 ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲೋ ವೈರಸ್) ಬೆರೆಸಿ ಎರಡೂ ಪಕ್ಕದಿಂದ ಬಿಡ್ತೀವಿ. ನಡುವಿನಿಂದ ಬರೀ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು). ಬೆಳಿಗ್ಗೆ ಕಣಗಳು ನಡುವೆ ಕೆಂಪು ದಾರದ ಹಾಗೆ ಸಾಲುಗಟ್ತವೆ. ಎರಡು ಗಂಟೆಗೆ ಕೋಣೆ 40 ಡಿಗ್ರಿ ಮುಟ್ಟಿದಾಗ ಪಕ್ಕದ ನಳಿಗೆಯಲ್ಲೂ ಕೆಂಪು. ವೋಲ್ಟೇಜ್ ಏರಿಸಿದ್ರೆ ಇನ್ನೂ ಕೆಡ್ತದೆ. ಬೆಳಿಗ್ಗೆ ಚೆನ್ನಾಗಿ ನಡೆದಾಗಲೂ ನಡುವಿನ ನಳಿಗೆಯಲ್ಲಿ ಫೇಜ್ ಪ್ಲೇಕ್ (ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಫೇಜ್ ಮಾಡೋ ತೆರವು ಚುಕ್ಕೆ) ವಿಪರೀತ.

ಉತ್ತರ (ಬೀದರ್): ಮೊದಲನೆಯದು ಬಿಸಿಲಿನ ಕೆಲಸ. ನೀರಲ್ಲಿ ಶಬ್ದದ ವೇಗ 25 ಡಿಗ್ರಿಗೆ ಸೆಕೆಂಡಿಗೆ 1497 ಮೀಟರ್, 40ಕ್ಕೆ 1529. ಕಾಲುವೆಯ ಅಗಲ ಅರ್ಧ ತರಂಗಕ್ಕೆ ಸರಿಹೊಂದಬೇಕಲ್ಲ, ಹಾಗಾಗಿ ನಿಮ್ಮ ಅನುರಣನ (ಕಾಲುವೆಯಲ್ಲಿ ಶಬ್ದ ಅತಿ ಜೋರಾಗೋ ಆವರ್ತನ) 1.996ರಿಂದ 2.039 ಮೆಗಾಹರ್ಟ್ಸ್‌ಗೆ ಜಾರಿದೆ. ವೋಲ್ಟೇಜ್ ಏರಿಸಿದಷ್ಟೂ ಪೀಜೋ ಕಾಯ್ತದೆ, ಅನುರಣನ ಇನ್ನೂ ದೂರ ಹೋಗ್ತದೆ. ಚಿಪ್ಪಿಗೇ ತಾಗುವಂತೆ ಥರ್ಮಿಸ್ಟರ್ (ತಾಪ ಅಳೆಯೋ ಬಿಡಿಭಾಗ) ಅಂಟಿಸಿ. ಕೋಣೆಯ ತಾಪ ನಂಬಬೇಡಿ. ಕೆಳಗೆ ಪೆಲ್ಟಿಯರ್ (ವಿದ್ಯುತ್ತಿನಿಂದ ತಂಪು ಮಾಡೋ ಫಲಕ) ಇಟ್ಟು 28 ಡಿಗ್ರಿಗೆ ಕಟ್ಟಿಹಾಕಿ, 1.95ರಿಂದ 2.08ರವರೆಗೆ 5 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಹುಡುಕಿ. ದಾರ ಅತಿ ಸಣ್ಣಗಾದ ಕಡೆ ನಿಲ್ಲಿಸಿ. ಪಿಬಿಎಸ್ಸನ್ನು ನಿರ್ವಾತದಲ್ಲಿ ಅರ್ಧ ಗಂಟೆ ಇಟ್ಟು ಗಾಳಿ ತೆಗೆಯೋದು ಮರೀಬೇಡಿ, ಒಂದು ಗುಳ್ಳೆ ಸಿಕ್ಕಿದ್ರೂ ಸುತ್ತ ಸುಳಿ ಏಳ್ತದೆ.

ಉತ್ತರ (ಯಾದಗಿರಿ): ಪ್ಲೇಕಿನ ಮಾತು ಬ್ಯಾರೆನೇ ಅದ. ಶಬ್ದ ಫೇಜನ್ನ ನೇರ ತಳ್ಳಂಗಿಲ್ಲ. ಕಣ ಸರಿಯೋ ವೇಗ ಗಾತ್ರದ ವರ್ಗಕ್ಕ ತಕ್ಕಂಗ ಇರ್ತದ, 4.5 ಮೈಕ್ರಾನಿನ ಕುರಿ ಕಣದ ಮುಂದ 0.1 ಮೈಕ್ರಾನಿನ ಫೇಜ್ ಎರಡು ಸಾವಿರ ಪಟ್ಟು ನಿಧಾನ. ಸರೀತಿರೋದು ದ್ರವಾನೇ. ರಕ್ತದ ದ್ರವದ ಸಾಂದ್ರತೆ ಮತ್ತು ಶಬ್ದವೇಗದ ಗುಣಲಬ್ಧ ಬರೀ ಪಿಬಿಎಸ್‌ಗಿಂತ ಹೆಚ್ಚು. ಅಂಥ ದ್ರವ ತಾನಾಗೇ ನಡುವಿಗೆ ನುಗ್ಗತದ, ಫೇಜನ್ನೂ ಹೊತ್ಕೊಂಡು. ನಡುವಿನ ದ್ರವದ ಗುಣಲಬ್ಧಾನೇ ಹೆಚ್ಚಾಗಂಗ ಅಲ್ಲಿನ ಪಿಬಿಎಸ್‌ಗೆ ಸ್ವಲ್ಪ ಅಯೋಡಿಕ್ಸನಾಲ್ (ಸಾಂದ್ರತೆ ಏರಿಸೋ ವಸ್ತು) ಸೇರಿಸ್ರಿ. ಪ್ರತಿಶತ 2ರಿಂದ ಶುರು ಮಾಡಿ ಒಂದೊಂದೇ ಏರಿಸ್ರಿ. ಅತಿ ಆದ್ರ ಕೆಂಪುಕಣಾನೇ ಒಳಗ ಬರಂಗಿಲ್ಲ.

ಪ್ರಶ್ನೆ (ಕಲಬುರಗಿ): ದ್ರವ ಸರೀತಿದೆಯೋ ಇಲ್ವೋ ಮೊದಲೇ ನೋಡ್ಕೊಳ್ಳೋದು ಹೇಗೆ?

ಉತ್ತರ (ಯಾದಗಿರಿ): ರಕ್ತಕ್ಕ ಫ್ಲೋರೆಸಿನ್ ಬಣ್ಣ ಹಾಕಿ ಶಬ್ದ ಆರಿಸಿ, ಹಚ್ಚಿ ನೋಡ್ರಿ. ಹಚ್ಚಿದ ಕೂಡಲೇ ಹಸಿರು ಪಟ್ಟಿ ಒಳಗ ವಾಲಿದ್ರ ದ್ರವಾನೇ ಸರೀತದ. ಗೋಡಿಗೆ ಅಂಟ್ಕೊಂಡೇ ಇದ್ದೂ ಪ್ಲೇಕ್ ಬಂದ್ರ, ಹೊರದಾರಿ ಕವಲಿನ ಹರಿವಿನ ಪಾಲು ತಪ್ಪೇದ. ನಡುವಿನ ಪಂಪಿನ ಎಳೆತ ಕಡಿಮಿ ಮಾಡ್ರಿ.