ಸಹಾಯ ಬೇಕು: ಕುದುರೆ ಥೆರಪಿಗೆ ಮಗನನ್ನು ಕರೆದುಕೊಂಡು ಹೋದವರು ಇದ್ದೀರಾ?

ನಮಸ್ಕಾರ, ನಾವು ಕೊಪ್ಪಳದವರು. ಮಗನಿಗೆ ಆರು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹತೋಟಿಗೆ ಸಿಗದಿರುವುದು) ಇದೆ. ಕಾಲು ಬಿಗಿ, ಆಸರೆ ಇಲ್ಲದೆ ಕೂರಲು ಕಷ್ಟ. ನಮ್ಮ ಫಿಸಿಯೋ ಬೆಂಗಳೂರಿನಲ್ಲಿ ಹಿಪ್ಪೋಥೆರಪಿ ನೋಡಿ ಅಂದರು. ನಾನು ನೀರಾನೆ ಅಂದುಕೊಂಡೆ! ಗ್ರೀಕ್‌ನಲ್ಲಿ ಹಿಪ್ಪೋಸ್ ಅಂದರೆ ಕುದುರೆಯಂತೆ.

ಅವರು ಹೇಳಿದ್ದಿಷ್ಟು. ಇದು ಸವಾರಿ ಕಲಿಸುವ ಕ್ಲಾಸ್ ಅಲ್ಲ. ಕುದುರೆ ನಿಧಾನವಾಗಿ ನಡೆದಾಗ ಮೇಲೆ ಕೂತವರ ಸೊಂಟ, ನಾವು ನಡೆಯುವಾಗ ಆಡುವ ಹಾಗೆಯೇ ಆಡುತ್ತದೆ. ಬೀಳದಿರಲು ಬೆನ್ನು, ಹೊಟ್ಟೆಯ ಸ್ನಾಯುಗಳು ತಾವೇ ಕೆಲಸ ಮಾಡುತ್ತವೆ. ಒಬ್ಬರು ಕುದುರೆ ನಡೆಸುತ್ತಾರೆ, ಪಕ್ಕದಲ್ಲಿ ಮಗುವನ್ನು ಹಿಡಿದುಕೊಳ್ಳುವವರು ಇರುತ್ತಾರೆ, ತಲೆಗೆ ಹೆಲ್ಮೆಟ್. ರೋಗ ವಾಸಿಯಾಗಲ್ಲ, ಮಾಮೂಲಿ ಫಿಸಿಯೋ ಬಿಡಬಾರದು ಅಂತಲೂ ಅಂದರು. ಈ ಮಾತು ಕೇಳಿಯೇ ನನಗೆ ನಂಬಿಕೆ ಬಂದಿದ್ದು.

ಹೋದವರು ದಯವಿಟ್ಟು ಹೇಳಿ. ಮೊದಲ ದಿನವೇ ಕುದುರೆ ಮೇಲೆ ಕೂರಿಸುತ್ತಾರಾ, ಸುಮ್ನೆ ಮುಟ್ಟಿ ಪರಿಚಯ ಮಾಡಿಸುತ್ತಾರಾ? ಮದುವೆ ಮೆರವಣಿಗೆಯ ಕುದುರೆ ಕಂಡರೇ ಇವನು ಚೀರುತ್ತಾನೆ. ಹೋಗುವ ಮುಂಚೆ ಸೊಂಟದ ಎಕ್ಸ್‌ರೇ ಕೇಳಿದರಾ? ಕೀಲು ಜಾರಿದ್ದರೆ, ಫಿಟ್ಸ್ ಹತೋಟಿಯಲ್ಲಿ ಇಲ್ಲದಿದ್ದರೆ ಕೂರಿಸಬಾರದಂತೆ. ಇವನಿಗೆ ಹೋದ ವರ್ಷ ಎರಡು ಸಲ ಫಿಟ್ಸ್ ಬಂದಿತ್ತು, ಅದೇ ಚಿಂತೆ.

ಇನ್ನೊಂದು, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಇಡೀ ರಾತ್ರಿ ಪ್ರಯಾಣ. ವಾರವಾರ ಆಗದ ಮಾತು. ಅಲ್ಲೇ ರೂಮ್ ಮಾಡಿಕೊಂಡು ಒಂದು ತಿಂಗಳು ಇದ್ದು ಮಾಡಿಸಿದವರು ಯಾರಾದರೂ ಇದ್ದೀರಾ? ಖರ್ಚು ಎಷ್ಟಾಯಿತು?